ಮೊದಲ ಕಿಕ್‌ಗೆ ಮಾತ್ರ ಹಟ ಮಾಡುವ ಡರ್ಟ್ ಬೈಕ್

ಪ್ರಶ್ನೆ: ಸರ್, ಮಗಳಿಗೆ ಅಂತ ಒಂದು 125 ಸಿಸಿ ಡರ್ಟ್ ಬೈಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಫೋರ್ ಸ್ಟ್ರೋಕ್, ಕಾರ್ಬೊರೇಟರ್ ಇರುವಂಥದ್ದು, ಬರೀ ಕಿಕ್ ಸ್ಟಾರ್ಟ್. ಎರಡು ಮೂರು ವಾರಕ್ಕೊಮ್ಮೆ ಹೊರಗೆ ತೆಗೆಯುತ್ತೇವೆ. ಎಂಜಿನ್ ತಣ್ಣಗಿದ್ದಾಗ ಚೋಕ್ ಎಳೆದು, ಆಕ್ಸಿಲರೇಟರ್ ತಿರುವುತ್ತಾ ಇಪ್ಪತ್ತು ಇಪ್ಪತ್ತೈದು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಇಳಿಜಾರಿನಲ್ಲಿ ತಳ್ಳಿ ಗೇರ್ ಹಾಕಿದರೆ ತಕ್ಷಣ ಆಗುತ್ತದೆ. ಒಮ್ಮೆ ಬಿಸಿಯಾದರೆ ದಿನವಿಡೀ ಮಗಳೇ ಒಂದು ಕಿಕ್‌ಗೆ ಸ್ಟಾರ್ಟ್ ಮಾಡುತ್ತಾಳೆ. ಹೊಸ ಪ್ಲಗ್ ಹಾಕಿಸಿದೆ, ಕಾರ್ಬೊರೇಟರ್ ಎರಡು ಸಲ ಕ್ಲೀನ್ ಮಾಡಿಸಿದೆ. ಈಗ ಮೆಕ್ಯಾನಿಕ್ ಹೊಸ ಕಾರ್ಬೊರೇಟರ್ ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಟ್ಯಾಪೆಟ್ ನೋಡಿಸಿ, ಅಂದರೆ ಎಂಜಿನ್‌ನ ಬಾಗಿಲಿನಂತಿರುವ ವಾಲ್ವ್‌ಗೂ ಅದನ್ನು ಒತ್ತಿ ತೆರೆಯುವ ರಾಕರ್ ಎಂಬ ತೋಳಿಗೂ ನಡುವಿನ ಸಂದು. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಒಂದು ಮಾತನ್ನು ನೀವು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ‘ತಳ್ಳಿದರೆ ತಕ್ಷಣ ಆಗುತ್ತದೆ’ ಅನ್ನೋದು. ನನ್ನ ಕಣ್ಣಿಗೆ ಬಿದ್ದದ್ದು ಅದೇ. ಕಾರ್ಬೊರೇಟರ್ ಒಂದೇ ಕೆಟ್ಟಿದ್ದರೆ ತಳ್ಳಿದಾಗಲೂ ಗಾಡಿ ಒಂದಿಷ್ಟು ಸತಾಯಿಸಬೇಕಿತ್ತು. ಕಿಕ್‌ಗೂ ತಳ್ಳುವುದಕ್ಕೂ ಇರುವ ವ್ಯತ್ಯಾಸ ಎಂಜಿನ್ ತಿರುಗುವ ವೇಗ, ಮತ್ತೆ ಎಷ್ಟು ಹೊತ್ತು ಬಿಡದೆ ತಿರುಗುತ್ತದೆ ಅನ್ನೋದು. ವೇಗ ಹೆಚ್ಚಾದರೆ ಎರಡು ಕೆಲಸ ಚೆನ್ನಾಗಿ ಆಗುತ್ತವೆ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿ ಹುಟ್ಟಿಸುವ ಒತ್ತಡ, ಸೋರಿಹೋಗಲು ಸಮಯ ಸಿಗುವುದಿಲ್ಲ, ಮ್ಯಾಗ್ನೆಟ್‌ನಿಂದ ಕಿಡಿಗೆ ಬರುವ ಕರೆಂಟ್ ಜೋರಾಗುತ್ತದೆ. ಪೆಟ್ರೋಲ್ ಎಳೆದುಕೊಳ್ಳುವುದೂ ಸ್ವಲ್ಪ ಸುಧಾರಿಸುತ್ತದೆ, ಆದರೆ ಅಷ್ಟೊಂದಲ್ಲ. ಹಾಗಾಗಿ ತಳ್ಳಿದರೆ ಆಗುವ, ಕಿಕ್‌ಗೆ ಆಗದ ಸಣ್ಣ ಫೋರ್ ಸ್ಟ್ರೋಕ್ ಗಾಡಿ ನೋಡಿದರೆ ನನ್ನ ಕೈ ಮೊದಲು ವಾಲ್ವ್ ಕಡೆಗೆ ಹೋಗುತ್ತದೆ.

ಹಾಗಾದರೆ ಬಿಸಿಯಾದ ಮೇಲೆ ಅದೇ ವಾಲ್ವ್, ಅದೇ ಕಿಕ್, ಆದರೂ ಹೇಗೆ ಸ್ಟಾರ್ಟ್ ಆಗುತ್ತದೆ? ಪೆಟ್ರೋಲ್ ದ್ರವ ರೂಪದಲ್ಲಿದ್ದಾಗ ಉರಿಯುವುದಿಲ್ಲ, ಆವಿ ಆದರೆ ಮಾತ್ರ ಉರಿಯುತ್ತದೆ. ಎಂಜಿನ್ ಬಿಸಿ ಇದ್ದಾಗ ಒಳಗೆ ಹೋದ ಪೆಟ್ರೋಲ್ ಬಹುಪಾಲು ಆವಿ ಆಗುತ್ತದೆ. ತಣ್ಣಗಿದ್ದಾಗ ಅದರಲ್ಲಿ ಬೇಗ ಹಾರುವ ಹಗುರ ಅಂಶ ಮಾತ್ರ ಆವಿಯಾಗಿ, ಉಳಿದದ್ದು ಇನ್‌ಟೇಕ್ ಪೈಪಿನ ಗೋಡೆಗೆ, ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿ ಎಂಜಿನ್‌ಗೆ ತೂಕದಲ್ಲಿ ಹೆಚ್ಚುಕಡಿಮೆ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸಾಕು. ತಣ್ಣಗಿನ ಎಂಜಿನ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸುರಿದರೆ ಮಾತ್ರ ಉರಿಯುವಷ್ಟು ಆವಿ ಹುಟ್ಟುತ್ತದೆ. ಚೋಕ್ ಇರುವುದೇ ಅದಕ್ಕೆ. ಇನ್ನು ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ ಅಲ್ವಾ, ಸೈಕಲ್ ಪಂಪಿನ ತುದಿ ಬಿಸಿ ಆದ ಹಾಗೆ. ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಆವಿ ಆಗಲು ಸಿಗುವ ಶಾಖ ಬಹುಮಟ್ಟಿಗೆ ಅದೊಂದೇ. ವಾಲ್ವ್ ಕೂದಲೆಳೆಯಷ್ಟು ಬಾಯಿ ಬಿಟ್ಟುಕೊಂಡಿದ್ದರೆ ಕಿಕ್‌ನ ನಿಧಾನ ವೇಗದಲ್ಲಿ ಆ ಶಾಖವೂ ಸೋರುತ್ತದೆ. ಬಿಸಿ ಎಂಜಿನ್ ಈ ಕೊರತೆಯನ್ನು ನುಂಗಿಕೊಳ್ಳುತ್ತದೆ, ತಣ್ಣಗಿನದ್ದು ನುಂಗುವುದಿಲ್ಲ.

ಆದರೆ ಪಾನಾ ಕೈಗೆ ತೆಗೆದುಕೊಳ್ಳುವ ಮುಂಚೆ ನಿಮ್ಮ ಕಿಕ್ ಹೊಡೆಯುವ ಕ್ರಮ ಸರಿಮಾಡಿಕೊಳ್ಳಿ. ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲೂ ಒಂದು ತಪ್ಪಿದೆ. ‘ಆಕ್ಸಿಲರೇಟರ್ ತಿರುವುತ್ತಾ’ ಅಂತ ಬರೆದಿದ್ದೀರಿ. ಚೋಕ್ ಅಂತ ನಾವು ಕರೆಯುವುದರಲ್ಲಿ ಎರಡು ಜಾತಿ ಇವೆ. ಒಂದು ನಿಜವಾದ ಚೋಕ್. ಕಾರ್ಬೊರೇಟರಿನ ಬಾಯಿಯಲ್ಲಿ ಒಂದು ತಗಡು ಅಡ್ಡ ಬಂದು ಗಾಳಿಯನ್ನು ತಡೆಯುತ್ತದೆ. ಇನ್ನೊಂದರಲ್ಲಿ ತಗಡೇ ಇಲ್ಲ. ಪಕ್ಕದಲ್ಲಿರುವ ಗುಂಡಿಯನ್ನು ಮೇಲಕ್ಕೆ ಎಳೆದರೆ ಒಂದು ಚಿಕ್ಕ ಪ್ಲಂಜರ್ ಎದ್ದು, ಪೆಟ್ರೋಲಿಗೆ ಬೇರೆಯದೇ ಒಂದು ದಾರಿ ತೆರೆಯುತ್ತದೆ. ಈ ಎರಡನೇ ಜಾತಿ ಕೆಲಸ ಮಾಡಬೇಕಾದರೆ ಕಾರ್ಬೊರೇಟರಿನ ಸ್ಲೈಡ್ (ಆಕ್ಸಿಲರೇಟರ್ ತಿರುವಿದರೆ ಮೇಲೇಳುವ ಬಾಗಿಲು) ಮುಚ್ಚಿರಲೇಬೇಕು. ಸ್ಲೈಡ್ ಮುಚ್ಚಿದಾಗ ಅದರ ಹಿಂದೆ, ಎಂಜಿನ್ ಕಡೆಗೆ ಎಳೆತ ಹುಟ್ಟುತ್ತದೆ, ಆ ಎಳೆತವೇ ಪೆಟ್ರೋಲನ್ನು ಆ ದಾರಿಯಿಂದ ಮೇಲೆತ್ತುವುದು. ನೀವು ಆಕ್ಸಿಲರೇಟರ್ ತಿರುವಿದ ಕ್ಷಣಕ್ಕೆ ಎಳೆತ ಬಿದ್ದುಹೋಗಿ, ಚೋಕ್ ಎಳೆದೂ ಎಳೆಯದ ಹಾಗೆ ಆಗುತ್ತದೆ.

ಕಿಕ್‌ಗೆ ಮುಂಚೆ ನಾಲ್ಕು ಸಲ ಆಕ್ಸಿಲರೇಟರ್ ತಿರುವಿ ಪೆಟ್ರೋಲ್ ‘ಪಂಪ್’ ಮಾಡುವವರೂ ಇದ್ದಾರೆ. ಒಳಗೆ ಆಕ್ಸಿಲರೇಟರ್ ಪಂಪ್ ಇರುವ ದೊಡ್ಡ ರೇಸ್ ಬೈಕುಗಳ ಕಾರ್ಬೊರೇಟರಿಗೆ ಅದು ಸರಿ. ಇಂಥ ಪುಟ್ಟ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ಪಂಪೇ ಇರುವುದಿಲ್ಲ. ಬರೀ ಕೈಗೆ ವ್ಯಾಯಾಮ.

ಹೀಗೆ ಮಾಡಿ. ಪೆಟ್ರೋಲ್ ಕಾಕ್ ಆನ್ ಮಾಡಿ ಒಂದರ್ಧ ನಿಮಿಷ ಬಿಡಿ, ಕಾರ್ಬೊರೇಟರಿನ ತಳದ ಪೆಟ್ರೋಲ್ ಬಟ್ಟಲು, ಅಂದರೆ ಫ್ಲೋಟ್ ಬೌಲ್, ತುಂಬಲಿ. ಚೋಕ್ ಪೂರ್ತಿ ಎಳೆಯಿರಿ. ಬಲಗೈಯನ್ನು ಆಕ್ಸಿಲರೇಟರ್ ಹಿಡಿಯಿಂದ ತೆಗೆದೇಬಿಡಿ, ಬ್ರೇಕ್ ಲಿವರ್ ಮೇಲಿಡಿ. ಕಿಲ್ ಸ್ವಿಚ್ ಒತ್ತಿ ಹಿಡಿದು ಎರಡು ಮೂರು ಸಲ ಮೆಲ್ಲಗೆ ಕಿಕ್ ಇಳಿಸಿ, ಒಳಗೆ ಪೆಟ್ರೋಲ್ ಸೇರಲಿ. ಆಮೇಲೆ ಕಿಕ್ ಗಟ್ಟಿಯಾಗಿ ತಡೆಯುವ ಜಾಗ ಹುಡುಕಿ, ಅದನ್ನು ಸ್ವಲ್ಪವೇ ದಾಟಿಸಿ, ಕಿಕ್ಕರ್ ಮೇಲಕ್ಕೆ ಬರಲು ಬಿಟ್ಟು, ಪೂರ್ತಿ ಕೆಳಗಿನ ತನಕ ಒಂದೇ ಸಮ ತುಳಿಯಿರಿ. ಕಾಲು ಕಿಕ್, ಅರ್ಧ ಕಿಕ್ ಹೊಡೆದರೆ ಎಂಜಿನ್‌ಗೆ ಲೆಕ್ಕಕ್ಕಿಲ್ಲ. ಐದಾರು ಕಿಕ್‌ಗೆ ಸ್ಟಾರ್ಟ್ ಆಯಿತೆಂದರೆ ನಿಮ್ಮ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಆಗಲಿಲ್ಲ ಅನ್ನಿ. ಅದೇ ಹೊತ್ತಿಗೆ, ತಡ ಮಾಡದೆ ಪ್ಲಗ್ ಬಿಚ್ಚಿ ತುದಿ ನೋಡಿ. ಇಲ್ಲಿ ನೋಡಬೇಕಾದ್ದು ಬಣ್ಣವನ್ನಲ್ಲ, ಒದ್ದೆಯೋ ಒಣಗಿದೆಯೋ ಅನ್ನುವುದನ್ನು. ಎಂಟು ಹತ್ತು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ, ಕಾರ್ಬೊರೇಟರ್ ಕಡೆಗೆ ಹೋಗಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಕಂಪ್ರೆಷನ್ ಅಥವಾ ಕಿಡಿ ನೋಡಬೇಕು. ಕೊಡ ತುಂಬ ಪೆಟ್ರೋಲ್ ಸುರಿದ ಹಾಗೆ ತೊಟ್ಟಿಕ್ಕುತ್ತಿದ್ದರೆ ಓವರ್ ಆಗಿದೆ. ಆಗ ಕಾಕ್ ಮುಚ್ಚಿ, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತೆರೆದು, ಪ್ಲಗ್ ಇಲ್ಲದೆ ಹತ್ತು ಕಿಕ್ ಹೊಡೆಯಿರಿ. ಕಿಲ್ ಸ್ವಿಚ್ ಒತ್ತಿಯೇ ಇರಲಿ. ಈ ಒಂದು ನಿಮಿಷದ ನೋಟ ಎಷ್ಟೋ ದಿನದ ತಿಣುಕಾಟ ಉಳಿಸುತ್ತದೆ. ಆದರೂ ಹೆಚ್ಚಿನವರು ಇದನ್ನು ನೋಡದೆ ನೇರ ಕಾರ್ಬೊರೇಟರಿಗೆ ಕೈ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಒಂದು 110 ಸಿಸಿ ಗಾಡಿಯ ಕಾರ್ಬೊರೇಟರನ್ನು ಎರಡು ಸಂಜೆಯಲ್ಲಿ ನಾಲ್ಕು ಸಲ ಬಿಚ್ಚಿ, ನಾಲ್ಕು ಸಲ ಫಳಫಳ ಹೊಳೆಸಿ ಹಾಕಿದ್ದೆ. ಕೊನೆಗೆ ಇದ್ದದ್ದು ಇನ್‌ಟೇಕ್ ಟ್ಯಾಪೆಟ್ ಟೈಟ್. ಸರಿಮಾಡಲು ಬೇಕಾದದ್ದು ಇಪ್ಪತ್ತು ನಿಮಿಷ.

ಪ್ಲಗ್ ಕೈಯಲ್ಲಿರುವಾಗಲೇ ಕಿಡಿಯನ್ನೂ ನೋಡಿಬಿಡಿ. ಕ್ಯಾಪಿಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ ಬಿಚ್ಚಿದ ತೂತಿನ ಹತ್ತಿರ ಮಾತ್ರ ಹಿಡಿಯಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಬೆಂಕಿ ಹತ್ತುತ್ತದೆ. ತೂತಿಗೆ ಒಂದು ಬಟ್ಟೆ ತುರುಕಿ. ನೆರಳಿನಲ್ಲಿ ನೀಲಿ ಕಿಡಿ ಚಟಚಟ ಅಂದರೆ ಸರಿ. ಕೆಂಪಗೆ ಮಂಕಾಗಿದ್ದರೆ ಪ್ಲಗ್ ಕ್ಯಾಪ್ ತಿರುಗಿಸಿ ಬಿಚ್ಚಿ, ವೈರಿನ ತುದಿ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಿ. ಮಣ್ಣು, ನೀರಿನಲ್ಲಿ ಓಡಿದ ಗಾಡಿಯಲ್ಲಿ ಆ ತುದಿ ಹಸಿರುಗಟ್ಟಿರುವುದು ಮಾಮೂಲು. ಪ್ಲಗ್ ಗ್ಯಾಪ್ ಈ ಗಾಡಿಗಳಲ್ಲಿ ಸಾಧಾರಣ 0.6ರಿಂದ 0.7 ಮಿಲಿಮೀಟರ್. ಹೊಸ ಪ್ಲಗ್ ಅಂದ ಮಾತ್ರಕ್ಕೆ ಗ್ಯಾಪ್ ಸರಿ ಇರುತ್ತದೆ ಅಂತಿಲ್ಲ, ಅಳೆದೇ ಹಾಕಬೇಕು. ಬಿಸಿಯಾದ ಮೇಲೆ ದಿನವಿಡೀ ಮಿಸ್ಸಿಂಗ್ ಇಲ್ಲದೆ ಓಡುತ್ತದೆ ಅಂದರೆ ಕಿಡಿಯ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ.

ಈಗ ಟ್ಯಾಪೆಟ್. ‘ಟ್ಯಾಪೆಟ್ ಸದ್ದು ಬರುತ್ತಿಲ್ಲ, ಹಾಗಾಗಿ ಸರಿ ಇದೆ’ ಅಂತ ನಿಮ್ಮ ಮೆಕ್ಯಾನಿಕ್ ಹೇಳಬಹುದು. ಈ ನಂಬಿಕೆ ಅರ್ಧ ಮಾತ್ರ ನಿಜ. ಸಡಿಲವಾದ ಟ್ಯಾಪೆಟ್ ಟಕಟಕ ಅನ್ನುತ್ತದೆ, ಹೌದು. ಬಿಗಿಯಾದ ಟ್ಯಾಪೆಟ್ ಉಸಿರೆತ್ತುವುದಿಲ್ಲ. ಓಡಿ ಓಡಿ ವಾಲ್ವ್‌ನ ಅಂಚು ಮತ್ತು ಅದು ಕೂರುವ ಸೀಟ್ ಸವೆದ ಹಾಗೆಲ್ಲ ವಾಲ್ವ್ ಎಂಜಿನ್ ಹೆಡ್‌ನ (ಸಿಲಿಂಡರಿನ ತಲೆಭಾಗ) ಒಳಕ್ಕೆ ಸೇರುತ್ತದೆ, ಅದರ ಬಾಲ ಮೇಲಕ್ಕೆ ಬಂದು ರಾಕರಿಗೆ ಒತ್ತುತ್ತದೆ. ಇರಬೇಕಾದ ಸಂದು ಮುಚ್ಚುತ್ತಾ ಹೋಗುತ್ತದೆ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಎಂಜಿನ್ ದಿನದಿಂದ ದಿನಕ್ಕೆ ನಿಶ್ಶಬ್ದ ಆಗುತ್ತದೆ, ನಾವು ಖುಷಿ ಪಡುತ್ತೇವೆ. ಡರ್ಟ್ ಬೈಕಿನಲ್ಲಿ ಧೂಳು ಬೇರೆ. ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಾಕದೆ ಓಡಿಸಿದ್ದರೆ ಒಳಹೋದ ಮಣ್ಣು ಇನ್‌ಟೇಕ್ ವಾಲ್ವನ್ನು ಮರಳು ಕಾಗದದಂತೆ ಉಜ್ಜಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯ ಹಿಂದಿನ ಮಾಲೀಕರು ಏನು ಮಾಡಿದ್ದರೋ ಯಾರಿಗೆ ಗೊತ್ತು.

ನೋಡುವುದು ಕಷ್ಟವಲ್ಲ. ಎಂಜಿನ್ ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ ಬಿಚ್ಚಿದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ. ಮ್ಯಾಗ್ನೆಟ್ ಕವರಿನ ಮೇಲೆ ಎರಡು ಮುಚ್ಚಳ ಇರುತ್ತವೆ. ನಡುವಿನದ್ದರಿಂದ ಪಾನಾ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ, ಇನ್ನೊಂದರಲ್ಲಿ ಇಣುಕಿ ‘ಟಿ’ ಗುರುತನ್ನು ಕಚ್ಚಿಗೆ ಸರಿಯಾಗಿ ತನ್ನಿ. ಹೆಡ್‌ನ ಎರಡು ಟ್ಯಾಪೆಟ್ ಮುಚ್ಚಳ ತೆಗೆದು ರಾಕರುಗಳನ್ನು ಬೆರಳಿನಿಂದ ಅಲ್ಲಾಡಿಸಿ. ಎರಡೂ ಒಂಚೂರು ಆಡಬೇಕು. ಎರಡೂ ಆಡದಿದ್ದರೆ ಪಿಸ್ಟನ್ ತಪ್ಪು ಸ್ಟ್ರೋಕ್‌ನಲ್ಲಿ ಮೇಲೆ ಬಂದಿರಬಹುದು, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ. ಈ ಒಂದು ಹೆಜ್ಜೆ ತಪ್ಪಿದರೆ ಅಳತೆಯೆಲ್ಲ ಸುಳ್ಳು.

ಇನ್ನು ಫೀಲರ್ ಗೇಜ್, ಸಂದು ಅಳೆಯುವ ತೆಳು ಪಟ್ಟಿಗಳ ಗೊಂಚಲು. ಎಷ್ಟಿರಬೇಕು ಅನ್ನುವುದು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅದನ್ನೇ ನಂಬಿ. ಅಡ್ಡ ಮಲಗಿದ ಸಿಲಿಂಡರಿನ ಪುಟ್ಟ ಎಂಜಿನ್‌ಗಳಲ್ಲಿ 0.05 ಮಿಲಿಮೀಟರ್ ಹೇಳಿರುವುದುಂಟು, ನೆಟ್ಟಗೆ ನಿಂತ ಸಿಲಿಂಡರಿನ ಕೆಲವಕ್ಕೆ 0.10ರ ಆಸುಪಾಸು. ಕಾರ್ಬೊರೇಟರ್ ಕಡೆಯದು ಇನ್‌ಟೇಕ್, ಸೈಲೆನ್ಸರ್ ಕಡೆಯದು ಎಕ್ಸಾಸ್ಟ್. ಹೇಳಿದ ದಪ್ಪದ ಪಟ್ಟಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬಾರದು, ತುರುಕುವಷ್ಟು ಬಿಗಿಯೂ ಇರಬಾರದು. ಒಂಚೂರು ಹಿಡಿದ ಹಾಗೆ ಜಾರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜತೆಗೇ ತಿರುಗಿಬಿಡುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಸ್ಕ್ರೂ ಬದಲು ಶಿಮ್ (ದಪ್ಪ ಅಳೆದು ಇಡುವ ಪುಟ್ಟ ಬಿಲ್ಲೆ) ಇರುವ ಎಂಜಿನ್ ಆದರೆ ಅಳತೆ ಮಾತ್ರ ಬರೆದುಕೊಂಡು ತಿಳಿದವರ ಕೈಗೆ ಕೊಡಿ.

ಟ್ಯಾಪೆಟ್ ಅಳತೆಗೆ ಸರಿಯಾಗಿಯೇ ಇದೆ ಅಂತ ಬಂದರೆ ಕಂಪ್ರೆಷನ್ ನೋಡಿಸಿ. ಗೇಜ್ ಹಾಕಿ ಕಿಕ್ ಹೊಡೆಯುವಾಗ ಆಕ್ಸಿಲರೇಟರ್ ಪೂರ್ತಿ ತೆರೆದಿರಬೇಕು, ಇಲ್ಲದಿದ್ದರೆ ಗಾಳಿಯೇ ಒಳಗೆ ಹೋಗದೆ ಒಳ್ಳೆಯ ಎಂಜಿನ್ ಕೂಡ ಸತ್ತಂತೆ ತೋರುತ್ತದೆ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್. ಕೆಲವು ಎಂಜಿನ್‌ಗಳ ಕ್ಯಾಮ್‌ನಲ್ಲಿ ಕಿಕ್ ಹಗುರವಾಗಲಿ ಅಂತ ಒತ್ತಡವನ್ನು ಸ್ವಲ್ಪ ಬಿಟ್ಟುಕೊಡುವ ಆಟೋ ಡಿಕಂಪ್ರೆಷನ್ ಇಟ್ಟಿರುತ್ತಾರೆ, ಅಂಥದ್ದರಲ್ಲಿ ಅಂಕಿ ಕಡಿಮೆಯೇ ಬರುವುದು. ಮ್ಯಾನ್ಯುಯಲ್ ನೋಡದೆ ಹೆದರಬೇಡಿ.

ಪ್ಲಗ್ ಒಣಗಿತ್ತು ಅನ್ನಿ, ಆಗ ಕಾರ್ಬೊರೇಟರ್. ‘ಎರಡು ಸಲ ಕ್ಲೀನ್ ಮಾಡಿಸಿದೆ’ ಅಂದರೆ ಏನು ಮಾಡಿದರು ಅಂತ ಕೇಳಿ. ಹೊರಗಿನಿಂದ ಸ್ಪ್ರೇ ಹೊಡೆದು ಒರೆಸುವುದೂ ಕ್ಲೀನಿಂಗೇ. ನಿಮ್ಮ ಗಾಡಿ ಎರಡು ಮೂರು ವಾರ ಸುಮ್ನೆ ನಿಲ್ಲುತ್ತದೆ. ಬೌಲ್‌ನಲ್ಲಿ ಉಳಿದ ಪೆಟ್ರೋಲಿನಿಂದ ಮೊದಲು ಹಾರಿಹೋಗುವುದು ಅದೇ ಹಗುರ ಅಂಶ, ತಣ್ಣಗಿನ ಸ್ಟಾರ್ಟಿಂಗಿಗೆ ಬೇಕೇಬೇಕಾದದ್ದು. ಉಳಿದದ್ದು ಅಂಟಾಗಿ, ಆಮೇಲೆ ವಾರ್ನಿಷ್ ಹಾಗೆ ಗಟ್ಟಿಯಾಗುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೆ ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಬೌಲ್‌ನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಒಳಗಿದ್ದದ್ದನ್ನು ಗಾಜಿನ ಲೋಟಕ್ಕೆ ಬಿಡಿ. ತಳದಲ್ಲಿ ಗುಂಡಗೆ ನೀರಿನ ಹನಿ ಉರುಳುತ್ತಿದ್ದರೆ, ಬಣ್ಣ ಚಹಾದ ಹಾಗಿದ್ದರೆ, ಹುಳಿ ವಾಸನೆ ಬಂದರೆ, ಹೊಸ ಪೆಟ್ರೋಲ್ ಹಾಕಿದ ಮೇಲೇ ಮುಂದಿನ ಮಾತು. ಇನ್ನು ಮೇಲೆ ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ ಬೌಲ್ ಖಾಲಿ ಮಾಡಿ ಇಡಿ.

ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಪುಟ್ಟ ತುಂಡಾದ ಪೈಲಟ್ ಜೆಟ್‌ನ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಬೆಳಕಿಗೆ ಹಿಡಿದರೆ ದುಂಡಗೆ, ಅಂಚು ಸ್ಪಷ್ಟವಾಗಿ ಕಾಣಬೇಕು. ಕ್ಲೀನ್ ಮಾಡಲು ವೈರಿನಿಂದ ಬಿಡಿಸಿದ ಒಂದೇ ಎಳೆ ತಾಮ್ರದ ತಂತಿ ಸಾಕು. ಉಕ್ಕಿನ ಪಿನ್ ಹಾಕಿ ಜೆಟ್ ಕೊರೆಯಬೇಡಿ. ಜೆಟ್ ಕ್ಲೀನಿಂಗ್ ಎಲ್ಲರೂ ಮಾಡುತ್ತಾರೆ. ಎಷ್ಟೋ ಜನ ಬಿಡುವುದು ಚೋಕ್‌ನ ಸ್ವಂತ ದಾರಿಯನ್ನು. ಪ್ಲಂಜರ್ ಜಾತಿಯ ಚೋಕ್ ಇದ್ದರೆ ಕಾರ್ಬೊರೇಟರಿನಿಂದ ಒಂದು ಸಣ್ಣ ಹಿತ್ತಾಳೆ ಕೊಳವೆ ಕೆಳಗೆ ಇಳಿದಿರುತ್ತದೆ. ಅದು ಬೌಲ್‌ನ ಮೂಲೆಯಲ್ಲಿರುವ ಒಂದು ಪುಟ್ಟ ಬಾವಿಯಲ್ಲಿ ಮುಳುಗುತ್ತದೆ. ಎಷ್ಟೋ ಕಾರ್ಬೊರೇಟರುಗಳಲ್ಲಿ ಆ ಬಾವಿಗೆ ಪೆಟ್ರೋಲ್ ಬರುವುದು ಬೌಲ್‌ನಲ್ಲೇ ಕೂರಿಸಿದ ಒಂದು ಸೂಜಿಮೊನೆ ತೂತಿನಿಂದ. ಕೆಸರು ತಳಕ್ಕೆ ಇಳಿಯುವುದರಿಂದ ಬೇಗ ಮುಚ್ಚಿಕೊಳ್ಳುವುದೂ ಅದೇ. ಆ ತೂತು ಕಟ್ಟಿದ್ದರೆ ಗಾಡಿ ಬಿಸಿಯಲ್ಲಿ ಚಿನ್ನದ ಹಾಗೆ ಓಡುತ್ತದೆ, ತಣ್ಣಗಿದ್ದಾಗ ಚೋಕ್ ಎಳೆದರೂ ಒಂದೇ ಎಳೆಯದಿದ್ದರೂ ಒಂದೇ. ಬಾವಿಯೊಳಕ್ಕೆ ಕ್ಲೀನರ್ ಸ್ಪ್ರೇ ಹೊಡೆದರೆ ಬೌಲ್ ಒಳಗಿನ ಇನ್ನೊಂದು ತುದಿಯಿಂದ ಚಿಲ್ಲನೆ ಹೊರಬರಬೇಕು. ಕನ್ನಡಕ ಹಾಕಿಕೊಂಡು ಮಾಡಿ, ಅದು ನೇರ ಕಣ್ಣಿಗೇ ಹಾರುವುದು.

ಹೊರಗೆ ಕಾಣುವ ಮಿಕ್ಸ್ಚರ್ ಸ್ಕ್ರೂ ಬಗ್ಗೆ ಒಂದು ಎಚ್ಚರಿಕೆ. ಅದು ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ಪೆಟ್ರೋಲ್ ಪಾಲು ಜಾಸ್ತಿ. ಎಂಜಿನ್ ಕಡೆಗಿದ್ದರೆ ಪೆಟ್ರೋಲ್ ಸ್ಕ್ರೂ, ಹೊರಗೆ ತಿರುಗಿಸಿದರೆ ಜಾಸ್ತಿ. ಒಂದಕ್ಕೊಂದು ಉಲ್ಟಾ. ಹಗುರವಾಗಿ ಪೂರ್ತಿ ಮುಚ್ಚಿ, ಅಲ್ಲಿಂದ ಒಂದೂವರೆ ಎರಡು ಸುತ್ತು ಬಿಚ್ಚಿ ಶುರುಮಾಡಿ. ಬಿಸಿ ಎಂಜಿನ್‌ನಲ್ಲಿ ಐಡ್ಲಿಂಗ್ ಚೆನ್ನಾಗಿ ಬರಲು ಪೆಟ್ರೋಲ್ ಸ್ಕ್ರೂವನ್ನು ಮೂರು ಸುತ್ತಿಗಿಂತ ಜಾಸ್ತಿ ಬಿಚ್ಚಬೇಕಾಗಿ ಬಂದರೆ ಪೈಲಟ್ ಜೆಟ್ ಕಟ್ಟಿದೆ, ಇಲ್ಲವೇ ಒಂದು ಸೈಜ್ ಚಿಕ್ಕದಿದೆ. ಹೊಗೆಯ ನಿಯಮಕ್ಕೆ ಹೊಂದಲು ಕಂಪನಿಯಿಂದಲೇ ಚಿಕ್ಕ ಜೆಟ್‌ನೊಂದಿಗೆ ಬರುವ ಗಾಡಿಗಳಿವೆ. ಒಂದು ಸೈಜ್ ದೊಡ್ಡದು ಹಾಕಿದರೆ ಸಾಕು, ಎರಡು ಬೇಡ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್, ಓ ರಿಂಗ್ ಒಡೆದಿದ್ದರೂ ಕಳ್ಳ ಗಾಳಿ ಸೇರಿ ಇದೇ ಲಕ್ಷಣ ಬರುತ್ತದೆ. ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ಆ ಸೇರುವೆಗೆ ಸ್ವಲ್ಪ ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ ಇದೆ.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಒಮ್ಮೆ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಅಳತೆ ತಾನಾಗಿ ಏರಿದ್ದರೆ, ಫ್ಲೋಟ್ ವಾಲ್ವ್ ಸೋರಿ ಪೆಟ್ರೋಲ್ ಒಳಗೆ ಇಳಿಯುತ್ತಿದೆ. ಆಯಿಲ್ ಬದಲಿಸದೆ ಓಡಿಸಬೇಡಿ. ಚಳಿಯಲ್ಲಿ 20ಡಬ್ಲ್ಯೂ-50ಯಂಥ ದಪ್ಪ ಆಯಿಲ್ ಇದ್ದರೆ ಕಿಕ್ ಭಾರವಾಗುತ್ತದೆ. ಮ್ಯಾನ್ಯುಯಲ್ ಒಪ್ಪಿದರೆ 10ಡಬ್ಲ್ಯೂ-40 ಹಾಕಿ.

ನಿಮ್ಮ ಲಕ್ಷಣಗಳಿಗೆ ನನ್ನ ಸಾಲು ಇದು: ಮೊದಲು ಆಕ್ಸಿಲರೇಟರ್ ಮುಟ್ಟದ ಕಿಕ್, ಆಮೇಲೆ ಪ್ಲಗ್ ಒದ್ದೆಯೋ ಒಣಗಿದೆಯೋ, ಆಮೇಲೆ ಟ್ಯಾಪೆಟ್, ಆಮೇಲೆ ಬೌಲ್‌ನ ಆ ಸೂಜಿಮೊನೆ ತೂತು. ಹೊಸ ಕಾರ್ಬೊರೇಟರ್ ಈ ಸಾಲಿನ ಕೊನೆಯಲ್ಲೂ ಬರುವುದು ಅಪರೂಪ. ಗೊತ್ತಿಲ್ಲದ ಜೆಟ್‌ಗಳಿರುವ ಕಾರ್ಬೊರೇಟರ್ ತಂದು ಹಾಕಿದರೆ ಈಗಿರುವ ಒಂದು ತೊಂದರೆಯ ಪಕ್ಕದಲ್ಲಿ ಇನ್ನೊಂದು ಕೂರುತ್ತದೆ.

ಟ್ಯಾಪೆಟ್ ಟೈಟ್ ಇತ್ತು, ಸರಿಮಾಡಿದಿರಿ, ಗಾಡಿ ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು ಅನ್ನಿ. ಸಿಕ್ಕ ಅಳತೆ, ಇಟ್ಟ ಅಳತೆ ಎರಡನ್ನೂ ತಾರೀಕಿನ ಜತೆ ಬರೆದಿಡಿ. ಐದಾರು ಗಂಟೆ ಓಡಿದ ಮೇಲೆ ಮತ್ತೆ ಅಳೆಯಿರಿ. ಅಳತೆ ಇಟ್ಟಲ್ಲೇ ನಿಂತಿದ್ದರೆ ಇನ್ನು ಮಾಮೂಲಿ ಸರ್ವಿಸ್ ಹೊತ್ತಿಗೆ ನೋಡಿದರೆ ಸಾಕು. ಅಷ್ಟರಲ್ಲೇ ಮತ್ತೆ ಮುಚ್ಚಿಕೊಂಡಿದ್ದರೆ ವಾಲ್ವ್ ಸವೆತ ಜೋರಾಗಿದೆ. ಸ್ಕ್ರೂ ಬಿಚ್ಚುತ್ತಾ ಕಾಲ ತಳ್ಳಬೇಡಿ, ಹೆಡ್ ಬಿಚ್ಚಿಸಿ ವಾಲ್ವ್ ಮತ್ತು ಸೀಟ್ ಕೆಲಸ ಮಾಡಿಸಿ.